ವಿದೇಶದಲ್ಲಿ ಟೀಚರ್ ಕೆಲಸ: ವೀಸಾದ ಜುಟ್ಟು ಯಾರ ಕೈಯಲ್ಲಿ?

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಮೂರು ಫೋಟೊ ಕಳಿಸಿದಳು. ಅವಳು ಹಾಸನದ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದಾಳೆ. ಒಂದು ಫೋಟೊ ದುಬೈ ಶಾಲೆಯ ಆಫರ್ ಲೆಟರ್. ಇನ್ನೊಂದು ಇಂಗ್ಲೆಂಡಿನ ಶಾಲೆಯದು. ಮೂರನೆಯದು ಜೆ-1 ವೀಸಾದಲ್ಲಿ ಟೀಚರ್‌ಗಳನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಒಂದು ಸಂಸ್ಥೆಯ ಪತ್ರ. ಕೆಳಗೆ ಒಂದೇ ಸಾಲು: ‘ಅಕ್ಕಾ, ಯಾವುದರಲ್ಲಿ ಜಾಸ್ತಿ ದುಡ್ಡು ಉಳಿಯುತ್ತೆ?’

ನಾನು ತಕ್ಷಣ ಉತ್ತರ ಬರೆಯಲಿಲ್ಲ. ಸಂಬಳದ ಲೆಕ್ಕ ಯಾರು ಬೇಕಾದರೂ ಹಾಕಬಹುದು. ನಾನು ಮೊದಲು ನೋಡುವುದು ಬೇರೆ: ಆ ಕೆಲಸ ಹೋದ ದಿನ ಏನಾಗುತ್ತದೆ?

ಇದನ್ನು ನಾನು ಅನುಭವಿಸಿದ್ದೇನೆ. 2013ರಿಂದ 2019ರವರೆಗೆ ಶಾರ್ಜಾದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಗಂಡ, ಮಗ ಇಬ್ಬರೂ ನನ್ನ ವೀಸಾದ ಮೇಲೆ ಇದ್ದರು. 2019ರ ಮೇ ತಿಂಗಳಲ್ಲಿ ಕರೆದು, ಮುಂದಿನ ವರ್ಷಕ್ಕೆ ಸೆಕ್ಷನ್ ಕಡಿಮೆ ಮಾಡುತ್ತಿದ್ದೇವೆ, ನಿಮ್ಮನ್ನು ಮುಂದುವರಿಸುವುದಿಲ್ಲ ಅಂದರು. ವೀಸಾ ರದ್ದಾದ ಮೇಲೆ ಆಗ ಸಿಗುತ್ತಿದ್ದದ್ದು 30 ದಿನ. ಆ 30 ದಿನದಲ್ಲಿ ಮನೆ ಬಾಡಿಗೆಯ ಚೆಕ್ ವಾಪಸ್ ಪಡೆಯಬೇಕು, ಕಾರು ಮಾರಬೇಕು, ಮಗನ ಟಿಸಿ ತೆಗೆಸಬೇಕು, ಜೊತೆಗೆ ಬೇರೆ ಕೆಲಸ ಹುಡುಕಬೇಕು. ನಮ್ಮ ಪಾಸ್‌ಪೋರ್ಟ್ ಶಾಲೆಯ ಆಫೀಸಿನ ಬೀರುವಿನಲ್ಲಿತ್ತು. ‘ಸೇಫಾಗಿ ಇರಲಿ ಅಂತ’ ಇಟ್ಟುಕೊಂಡಿದ್ದರು. ಅದನ್ನು ವಾಪಸ್ ಪಡೆಯಲು ಐದು ಸಲ ಅಲೆದೆ. ಆ ಶಾಲೆ ಕೊಡುತ್ತಿದ್ದ ಸಂಬಳ ಕೆಟ್ಟದಿರಲಿಲ್ಲ. ಆದರೆ ನಮ್ಮ ಮೂರೂ ಜನರ ಜುಟ್ಟು ಅವರ ಕೈಯಲ್ಲಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಆವತ್ತು.

ಅದಕ್ಕೇ ಈ ಹೋಲಿಕೆಯನ್ನು ಸಂಬಳದಿಂದ ಶುರು ಮಾಡುತ್ತಿಲ್ಲ. ಪ್ರಾಯೋಜಕರು ಅಂದರೆ ಸ್ಪಾನ್ಸರ್ ಯಾರು, ಖರ್ಚು ಯಾರ ತಲೆ ಮೇಲೆ, ಕೆಲಸ ಬಿಟ್ಟರೆ ಎಷ್ಟು ದಿನ ಸಿಗುತ್ತದೆ, ಜೊತೆಗೆ ಬರುವ ಗಂಡನೋ ಹೆಂಡತಿಯೋ ದುಡಿಯಬಹುದಾ ಅನ್ನುವುದನ್ನು ನೋಡೋಣ. ಮೊತ್ತಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಯುಎಇ: ಬೇಗ ಹೋಗಬಹುದು, ಬೇಗ ಬರಬೇಕಾಗಲೂಬಹುದು

ನಮ್ಮ ಕಡೆಯವರಿಗೆ ಹೆಚ್ಚು ಪರಿಚಯ ಇರುವುದು ಈ ದಾರಿಯೇ. ಮಂಗಳೂರು, ಉಡುಪಿ, ಭಟ್ಕಳದಲ್ಲಿ ಗಲ್ಫ್‌ಗೆ ಹೋಗಿಬಂದವರು ಬೀದಿಗೊಬ್ಬರು ಸಿಗುತ್ತಾರೆ. ಇಲ್ಲಿ ಸ್ಪಾನ್ಸರ್ ಶಾಲೆಯೇ. ಶಾಲೆ ಕಾರ್ಮಿಕ ಇಲಾಖೆಯಿಂದ ವರ್ಕ್ ಪರ್ಮಿಟ್ ತೆಗೆಸುತ್ತದೆ. ಎಂಟ್ರಿ ಪರ್ಮಿಟ್‌ನಲ್ಲಿ ನೀವು ಹೋಗುತ್ತೀರಿ. ಅಲ್ಲಿ ಮೆಡಿಕಲ್ ಆಗಿ, ಎಮಿರೇಟ್ಸ್ ಐಡಿ ಬಂದು, ಸಾಮಾನ್ಯವಾಗಿ ಎರಡು ವರ್ಷದ ವಾಸದ ವೀಸಾ ಆಗುತ್ತದೆ. ಟೀಚರ್‌ಗಳಿಗೆ ಇನ್ನೊಂದು ಒಪ್ಪಿಗೆಯೂ ಬೇಕು. ದುಬೈನಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ ಅನ್ನುವ ಸಂಸ್ಥೆ ನಿಮ್ಮ ನೇಮಕವನ್ನು ಒಪ್ಪಬೇಕು.

2022ರ ಫೆಬ್ರವರಿಯಲ್ಲಿ ಹೊಸ ಕಾರ್ಮಿಕ ಕಾನೂನು ಜಾರಿಗೆ ಬಂತು. ನನ್ನ ಕಾಲಕ್ಕಿಂತ ಈಗ ಪರಿಸ್ಥಿತಿ ಎಷ್ಟೋ ಮೇಲು. ವೀಸಾ, ವರ್ಕ್ ಪರ್ಮಿಟ್ ಖರ್ಚನ್ನು ಶಾಲೆಯೇ ಕೊಡಬೇಕು, ನಿಮ್ಮ ಸಂಬಳದಿಂದ ಹಿಡಿಯುವ ಹಾಗಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ಪ್ರೊಬೇಷನ್ ಆರು ತಿಂಗಳು ದಾಟುವಂತಿಲ್ಲ. ಪ್ರೊಬೇಷನ್‌ನಲ್ಲೇ ಅಲ್ಲಿನ ಬೇರೆ ಶಾಲೆಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ನಿಮ್ಮನ್ನು ಕರೆತರಲು ಹಳೆಯ ಶಾಲೆ ಮಾಡಿದ ಖರ್ಚನ್ನು ಆಗ ಹೊಸ ಶಾಲೆ ತುಂಬಿಕೊಡಬೇಕಾಗುತ್ತದೆ. ವೀಸಾ ರದ್ದಾದ ಮೇಲೆ ಉಳಿಯುವ ಅವಧಿಯೂ ಜಾಸ್ತಿಯಾಗಿದೆ. ವೀಸಾದ ವರ್ಗ ನೋಡಿ 60 ದಿನದಿಂದ 180 ದಿನದವರೆಗೆ ಸಿಗುತ್ತದೆ.

ಆಫರ್ ಲೆಟರ್ ಕೈಗೆ ಬಂದಾಗ ನೀವು ನೋಡಲೇಬೇಕಾದ ಒಂದು ಸಾಲಿದೆ: ಬೇಸಿಕ್ ಎಷ್ಟು? ತಂಗಿಗೆ ಬಂದ ಪತ್ರದಲ್ಲಿ ಒಟ್ಟು 6,000 ದಿರ್ಹಂ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಣ್ಣದಾಗಿ ಬೇಸಿಕ್ 2,400, ಉಳಿದದ್ದು ಮನೆ ಭತ್ಯೆ, ಓಡಾಟದ ಭತ್ಯೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. 2,400 ಬೇಸಿಕ್‌ಗೆ ವರ್ಷಕ್ಕೆ 1,680 ದಿರ್ಹಂ ಆಯಿತು. ಆರು ವರ್ಷ ದುಡಿದರೆ ಒಟ್ಟು 10,800. ಅದೇ 6,000ದಲ್ಲಿ ಬೇಸಿಕ್ 4,000 ಇದ್ದಿದ್ದರೆ 18,000 ಸಿಗುತ್ತಿತ್ತು. ಒಂದೇ ಸಂಬಳ, ಕೊನೆಗೆ ಕೈಗೆ ಬರುವುದರಲ್ಲಿ 7,200 ದಿರ್ಹಂ ವ್ಯತ್ಯಾಸ. ಇದನ್ನು ಸಹಿ ಮಾಡುವ ಮೊದಲು ಕೇಳಬಹುದು. ಸಹಿ ಆದ ಮೇಲೆ ಕೇಳಿ ಏನೂ ಪ್ರಯೋಜನ ಇಲ್ಲ.

ಬೇಸಿಗೆ ರಜೆಯ ಸಂಬಳ ಕೊಡುತ್ತಾರಾ, ಮಕ್ಕಳ ಫೀಸಿನಲ್ಲಿ ಎಷ್ಟು ಬಿಡುತ್ತಾರೆ ಅನ್ನುವುದನ್ನೂ ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿ ನಮ್ಮ ಮಕ್ಕಳು ಓದುವುದು ಖಾಸಗಿ ಶಾಲೆಯಲ್ಲಿ, ಫೀಸು ಚಿಕ್ಕದಲ್ಲ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ಶಾಲೆ ಕೊಟ್ಟ ಮನೆ ಇರಬೇಕು. ಬಂದ ಸಂಗಾತಿ ನಿಮ್ಮ ವೀಸಾದಲ್ಲೇ ಇದ್ದು ಕೆಲಸ ಮಾಡಬಹುದು. ಆದರೆ ಕೆಲಸ ಕೊಡುವವರು ಬೇರೆ ವರ್ಕ್ ಪರ್ಮಿಟ್ ತೆಗೆಸಬೇಕು.

‘ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಕ್ಲಾಸ್ ಶುರು ಮಾಡಿ, ಆಮೇಲೆ ವೀಸಾ ಮಾಡಿಸೋಣ’ ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ. ಪರ್ಮಿಟ್ ಇಲ್ಲದೆ ದುಡಿಸಿಕೊಳ್ಳುವವರಿಗೆ 2024ರ ತಿದ್ದುಪಡಿಯ ನಂತರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಇದೆ. ನಿಮಗಂತೂ ಆ ಅವಧಿಯಲ್ಲಿ ಸಂಬಳ ಕೇಳಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಖಾಸಗಿ ಶಾಲೆಗಳ ಅತ್ಯುತ್ತಮ ಶಿಕ್ಷಕರಿಗೆ ಗೋಲ್ಡನ್ ವೀಸಾ ಕೊಡುತ್ತೇವೆ ಅಂತ ದುಬೈ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಅದು ಹತ್ತು ವರ್ಷದ್ದು, ಸ್ಪಾನ್ಸರ್ ಬೇಡ. ಹೊಸದಾಗಿ ಹೋಗುವವರಿಗೆ ಸಿಗುವಂಥದ್ದಲ್ಲ. ಆದರೆ ಅಲ್ಲೇ ವರ್ಷಗಟ್ಟಲೆ ಒಳ್ಳೆಯ ಹೆಸರು ಮಾಡಿದವರಿಗೆ ಇದೊಂದು ದಾರಿ.

ಇಂಗ್ಲೆಂಡ್: ಮುಂಗಡ ಖರ್ಚು ಭಾರಿ, ಜಾಗ ಬದಲಿಸಲು ಅವಕಾಶ ಇದೆ

ಇಲ್ಲಿನ ವೀಸಾದ ಹೆಸರು ಸ್ಕಿಲ್ಡ್ ವರ್ಕರ್. ಎಲ್ಲ ಶಾಲೆಗಳೂ ಹೊರದೇಶದವರನ್ನು ಕರೆಸಿಕೊಳ್ಳಲು ಆಗುವುದಿಲ್ಲ, ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವವರ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಹಾಕಿದೆ. ಹುಡುಕುವಾಗ ಒಂದು ಗಮನಿಸಿ: ಅನೇಕ ಶಾಲೆಗಳ ಲೈಸೆನ್ಸ್ ಶಾಲೆಯ ಹೆಸರಿನಲ್ಲಿ ಇರುವುದಿಲ್ಲ. ಅಕಾಡೆಮಿ ಆಗಿದ್ದರೆ ಅದನ್ನು ನಡೆಸುವ ಟ್ರಸ್ಟಿನ ಹೆಸರಿನಲ್ಲಿರುತ್ತದೆ, ಸರ್ಕಾರಿ ಶಾಲೆಯಾದರೆ ಅಲ್ಲಿನ ಕೌನ್ಸಿಲ್ ಹೆಸರಿನಲ್ಲಿರಬಹುದು. ತಂಗಿ ಮೊದಲ ದಿನ ಶಾಲೆಯ ಹೆಸರು ಹಾಕಿ, ಪಟ್ಟಿಯಲ್ಲಿ ಇಲ್ಲ ಅಂತ ಗಾಬರಿಯಾಗಿ ಫೋನ್ ಮಾಡಿದ್ದಳು. ಆಫರ್ ಲೆಟರಿನ ಕೆಳಗೆ ಸಣ್ಣದಾಗಿ ಟ್ರಸ್ಟಿನ ಹೆಸರಿತ್ತು. ಅದನ್ನು ಹಾಕಿ ನೋಡಿದರೆ ಸಿಕ್ಕಿತು.

ಲೈಸೆನ್ಸ್ ಇರುವ ಶಾಲೆ ನಿಮಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡುತ್ತದೆ. ಹೆಸರು ಸರ್ಟಿಫಿಕೇಟ್ ಅಂತಿದ್ದರೂ ಕಾಗದ ಏನೂ ಇಲ್ಲ. ಅದು ಅವರ ಗೃಹ ಇಲಾಖೆಯ ಕಂಪ್ಯೂಟರಿನಲ್ಲಿರುವ ಒಂದು ದಾಖಲೆ, ನಿಮಗೆ ಸಿಗುವುದು ಅದರ ನಂಬರ್. ಸಿಕ್ಕ ಮೂರು ತಿಂಗಳೊಳಗೆ ವೀಸಾಗೆ ಅರ್ಜಿ ಹಾಕಬೇಕು. ಆದ್ದರಿಂದ ಚಿನ್ನದ ಬಣ್ಣದ ಸೀಲು ಹೊಡೆದ ಪಿಡಿಎಫ್ ಕಳಿಸಿ, ಇದೇ ನಿಮ್ಮ ಸರ್ಟಿಫಿಕೇಟ್, ಇಷ್ಟು ಲಕ್ಷ ಕೊಡಿ ಅಂದವರನ್ನು ನಂಬಬೇಡಿ. ಸರ್ಟಿಫಿಕೇಟಿನ ಶುಲ್ಕ, ಲೈಸೆನ್ಸ್ ಖರ್ಚು, ಹೊರಗಿನವರನ್ನು ನೇಮಿಸಿದ್ದಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ಇವೆಲ್ಲ ಶಾಲೆಯ ತಲೆ ಮೇಲೆ. ನಿಮ್ಮಿಂದ ವಸೂಲಿ ಮಾಡುವಂತಿಲ್ಲ.

ಸಂಬಳದ ಮಿತಿ ಬಗ್ಗೆ ಬಹಳ ಜನ ಸುಮ್ನೆ ಹೆದರುತ್ತಾರೆ. 2025ರ ಜುಲೈ 22ರಿಂದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್ ಆಯಿತು ಅನ್ನುವುದು ನಿಜ. ಟೀಚರ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಶಾಲಾ ಶಿಕ್ಷಕರು ರಾಷ್ಟ್ರೀಯ ವೇತನ ಶ್ರೇಣಿಯ ಗುಂಪಿಗೆ ಸೇರುತ್ತಾರೆ. ಆ ಶ್ರೇಣಿಯ ಸಂಬಳ ಇದ್ದು, ಅದು 25,000 ಪೌಂಡ್‌ಗಿಂತ ಕಡಿಮೆ ಇರದಿದ್ದರೆ ಸಾಕು. ಲಂಡನ್ ಹೊರಗೆ ಅರ್ಹ ಶಿಕ್ಷಕರ ಆರಂಭದ ಸಂಬಳ 2025-26ರಲ್ಲಿ 32,916 ಪೌಂಡ್. ಬದಲಾಗಿದ್ದು ಇಂಗ್ಲಿಷ್ ಮಟ್ಟ. 2026ರ ಜನವರಿ 8ರಿಂದ ಹೊಸ ಅರ್ಜಿದಾರರು ಬಿ1 ಬದಲು ಅದಕ್ಕಿಂತ ಒಂದು ಹಂತ ಮೇಲಿನ ಬಿ2 ಮಟ್ಟ ತೋರಿಸಬೇಕು.

‘ಅರ್ಹ’ ಅನ್ನುವ ಪದಕ್ಕೆ ಇಲ್ಲಿ ದೊಡ್ಡ ಬೆಲೆ. ಅಲ್ಲಿನ ಅರ್ಹತೆಯ ಹೆಸರು ಕ್ಯುಟಿಎಸ್. 2023ರ ಫೆಬ್ರವರಿಯಿಂದ ಭಾರತವೂ ಸೇರಿದಂತೆ ಇನ್ನೂ ಒಂಬತ್ತು ಕಡೆಯ ಶಿಕ್ಷಕರು ಇದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಆದರೆ ನಮಗೆ ಒಂದು ಗೆರೆ ಎಳೆದಿದ್ದಾರೆ: 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು. ಇತಿಹಾಸದ, ಕಾಮರ್ಸ್‌ನ ಟೀಚರ್‌ಗಳಿಗೆ ಈ ಬಾಗಿಲು ತೆರೆದಿಲ್ಲ. ಎಷ್ಟೋ ಒಳ್ಳೆಯ ಸಮಾಜ ವಿಜ್ಞಾನದ ಮೇಷ್ಟ್ರುಗಳು ನನ್ನನ್ನು ಕೇಳಿದ್ದಾರೆ, ಅವರಿಗೆ ಇದನ್ನು ಹೇಳುವಾಗ ನಿಜಕ್ಕೂ ಬೇಜಾರಾಗುತ್ತದೆ. ಅರ್ಜಿಗೆ ಶುಲ್ಕ ಇಲ್ಲ. ಆಫರ್ ಬರುವ ಮೊದಲೇ, ಹಾಸನದಲ್ಲೇ ಕೂತು ಹಾಕಬಹುದು. ನನ್ನ ಸಲಹೆ ಕೇಳಿದರೆ, ಗಣಿತ ವಿಜ್ಞಾನದವರು ಏಜೆಂಟನ್ನು ನೋಡುವ ಮೊದಲು ಇದನ್ನು ಮುಗಿಸಿ. ಕ್ಯುಟಿಎಸ್ ಇಲ್ಲದೆಯೂ ಹೊರಗಡೆ ತರಬೇತಿ ಪಡೆದ ಶಿಕ್ಷಕರು ನಾಲ್ಕು ವರ್ಷ ಪಾಠ ಮಾಡಲು ಅವಕಾಶ ಇದೆ, ಆದರೆ ಹಾಕುವುದು ಸಾಮಾನ್ಯವಾಗಿ ಕೆಳಗಿನ ಶ್ರೇಣಿಗೆ. ಸ್ಕಾಟ್‌ಲೆಂಡಿನ ನೋಂದಣಿ ಪೂರ್ತಿ ಬೇರೆ ಅನ್ನುವುದೂ ನೆನಪಿರಲಿ.

ಈಗ ಖರ್ಚು. ಕೈ ಕಚ್ಚುವುದು ಇಲ್ಲೇ. ವೀಸಾ ಶುಲ್ಕದ ಜೊತೆ ಆರೋಗ್ಯದ ಸರ್ಚಾರ್ಜ್ ಕಟ್ಟಬೇಕು, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಎಷ್ಟು ವರ್ಷದ ವೀಸಾವೋ ಅಷ್ಟೂ ವರ್ಷದ್ದನ್ನು ಮೊದಲೇ ಒಟ್ಟಿಗೆ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗು ಮೂರು ವರ್ಷಕ್ಕೆ ಹೊರಟರೆ ಇದೊಂದೇ 8,538 ಪೌಂಡ್. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಯ ಆಸುಪಾಸು, ಅದೂ ವಿಮಾನ ಹತ್ತುವ ಮೊದಲೇ. ಕೆಲವು ಟ್ರಸ್ಟ್‌ಗಳು ಇದರಲ್ಲಿ ಸ್ವಲ್ಪ ಭಾಗ ಕೊಡುತ್ತವೆ. ನಾಚಿಕೆ ಇಟ್ಟುಕೊಳ್ಳದೆ ಕೇಳಬೇಕು. ಇದರ ಮೇಲೆ ಟಿಬಿ ಟೆಸ್ಟ್ ಮತ್ತು ಪೊಲೀಸ್ ಕ್ಲಿಯರೆನ್ಸ್. ಟೀಚರ್ ಕೆಲಸಕ್ಕೆ ಕಳೆದ ಹತ್ತು ವರ್ಷದಲ್ಲಿ 12 ತಿಂಗಳು ಇದ್ದ ಪ್ರತಿ ದೇಶದ ಪೊಲೀಸ್ ಸರ್ಟಿಫಿಕೇಟ್ ಕೇಳುತ್ತಾರೆ. ಗಲ್ಫ್‌ನಲ್ಲಿ ಇದ್ದು ಬಂದವರು ಅಲ್ಲಿಂದ ಹೊರಡುವ ಮೊದಲೇ ತೆಗೆದುಕೊಂಡರೆ ಒಳ್ಳೆಯದು.

ಬದಲಿಗೆ ಸಿಗುವುದೇನು? ಜೊತೆಗೆ ಬಂದ ಸಂಗಾತಿ ಯಾರ ಸ್ಪಾನ್ಸರ್ ಇಲ್ಲದೆ ಕೆಲಸ ಹುಡುಕಿಕೊಳ್ಳಬಹುದು. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಫೀಸಿಲ್ಲ. ಕೆಲಸ ಹೋದರೆ, ಅಥವಾ ಶಾಲೆ ತನ್ನ ಲೈಸೆನ್ಸ್ ಕಳೆದುಕೊಂಡರೆ, ಗೃಹ ಇಲಾಖೆ ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಅಷ್ಟರೊಳಗೆ ಲೈಸೆನ್ಸ್ ಇರುವ ಇನ್ನೊಂದು ಶಾಲೆ ಸಿಕ್ಕಿ, ಹೊಸ ಅರ್ಜಿ ಹೋಗಬೇಕು. 60 ದಿನ ಕಡಿಮೆಯೇ. ಆದರೆ ಗಣಿತ, ಭೌತಶಾಸ್ತ್ರದ ಟೀಚರ್‌ಗಳ ಕೊರತೆ ಅಲ್ಲಿ ಹಳೆಯ ಸಮಸ್ಯೆ, ಅದು ನಿಮಗೆ ಅನುಕೂಲ. ದಿನಗೂಲಿ ಥರ ಟೀಚರ್‌ಗಳನ್ನು ಶಾಲೆಗಳಿಗೆ ಕಳಿಸುವ ಸಪ್ಲೈ ಏಜೆನ್ಸಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆ ಕಳಿಸಲು ಅದು ನಿಮಗೆ ಸ್ಪಾನ್ಸರ್ ಆಗುವಂತಿಲ್ಲ. ಐದು ವರ್ಷಕ್ಕೆ ಖಾಯಂ ವಾಸಕ್ಕೆ ಅರ್ಜಿ ಹಾಕುವುದು ಅಲ್ಲಿ ರೂಢಿ. ಅದನ್ನು ಹತ್ತು ವರ್ಷ ಮಾಡುವ ಪ್ರಸ್ತಾಪ 2025ರ ಮೇನಲ್ಲಿ ಸರ್ಕಾರದಿಂದಲೇ ಬಂದಿದೆ. ಅದನ್ನು ನೋಡಿಕೊಂಡೇ ಲೆಕ್ಕ ಹಾಕಿ.

ಅಮೆರಿಕ: ಜೆ-1 ಮತ್ತು ಎಚ್-1ಬಿ ಒಂದೇ ಅಲ್ಲ

ಅಮೆರಿಕ ಅಂದ ಕೂಡಲೇ ಮನೆಯವರಿಗೆಲ್ಲ ಎಚ್-1ಬಿ, ಅಂದರೆ ಪದವೀಧರ ನುರಿತ ಕೆಲಸಗಾರರಿಗೆ ಕೊಡುವ ವೀಸಾ ನೆನಪಾಗುತ್ತದೆ. ಟೀಚರ್‌ಗಳ ಮಟ್ಟಿಗೆ ಅದು ಈಗ ಮುಚ್ಚಿದ ಬಾಗಿಲಿನ ಹಾಗೆ. ವರ್ಷಕ್ಕೆ 85,000 ವೀಸಾ, ಅದಕ್ಕೆ ಲಾಟರಿ. ಸಾಮಾನ್ಯ ಶಾಲಾ ಜಿಲ್ಲೆಗಳಿಗೆ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳಿಗೆ, ಲಾಟರಿಯಿಂದ ವಿನಾಯಿತಿ ಇಲ್ಲ. ಅದರ ಮೇಲೆ 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಆದೇಶ ಬಂತು. ಯಾವ ಸರ್ಕಾರಿ ಶಾಲೆ ಒಬ್ಬ ಗಣಿತ ಟೀಚರ್‌ಗೆ ಅಷ್ಟು ಕೊಡುತ್ತದೆ, ಹೇಳಿ?

ಉಳಿಯುವುದು ಜೆ-1. ಇದು ವಿನಿಮಯ ಕಾರ್ಯಕ್ರಮದ ವೀಸಾ. ಇಲ್ಲಿ ಸ್ಪಾನ್ಸರ್ ನಿಮಗೆ ಪಾಠ ಮಾಡಲು ಕೆಲಸ ಕೊಟ್ಟ ಶಾಲೆಯೇ ಆಗಿರಬೇಕಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸಂಸ್ಥೆ ನಿಮಗೆ ಡಿಎಸ್-2019 ಅನ್ನುವ ಪತ್ರ ಕೊಡುತ್ತದೆ. ಹಾಗಾಗಿ ಅನೇಕರ ಮೇಲೆ ಇಬ್ಬರು ಯಜಮಾನರು: ಸಂಬಳ ಕೊಡುವ ಶಾಲೆ ಒಂದು ಕಡೆ, ವೀಸಾ ಹಿಡಿದಿರುವ ಸಂಸ್ಥೆ ಇನ್ನೊಂದು ಕಡೆ. ಶಾಲೆ ಬದಲಿಸಬೇಕಾದರೆ ಆ ಸಂಸ್ಥೆ ಒಪ್ಪಬೇಕು. ಪದವಿ ಮತ್ತು ಎರಡು ವರ್ಷದ ಪೂರ್ಣಾವಧಿ ಪಾಠದ ಅನುಭವ ಬೇಕು, ಸಾಮಾನ್ಯವಾಗಿ ಅರ್ಜಿ ಹಾಕುವಾಗ ಇಲ್ಲಿ ಕೆಲಸದಲ್ಲೇ ಇರಬೇಕು. ‘ಹೇಗೂ ಹೋಗ್ತೀನಲ್ಲ’ ಅಂತ ಇಲ್ಲಿನ ಕೆಲಸಕ್ಕೆ ಮೊದಲೇ ರಾಜೀನಾಮೆ ಕೊಡಬೇಡಿ.

ಮೊದಲು ಮೂರು ವರ್ಷ, ಶಾಲೆ ಮತ್ತು ಸಂಸ್ಥೆ ಒಪ್ಪಿದರೆ ಇನ್ನೂ ಒಂದೋ ಎರಡೋ ವರ್ಷ. ಐದಕ್ಕಿಂತ ಮೇಲಿಲ್ಲ. ಮುಗಿದ ಮೇಲೆ ಹೊರಡಲು 30 ದಿನ. ಮತ್ತೆ ಇದೇ ಕಾರ್ಯಕ್ರಮದಲ್ಲಿ ಬರಬೇಕಾದರೆ ಎರಡು ವರ್ಷ ಹೊರಗೆ ಇರಬೇಕು. ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು ಅನ್ನುವ ಇನ್ನೊಂದು ಷರತ್ತೂ ಹಿಂದೆ ಬಹಳ ಭಾರತೀಯರಿಗೆ ಅಂಟಿಕೊಳ್ಳುತ್ತಿತ್ತು. ಯಾವ ದೇಶದ ಯಾವ ಕೆಲಸದವರಿಗೆ ಆ ಷರತ್ತು ಅನ್ನುವುದಕ್ಕೆ ಒಂದು ಕೌಶಲ್ಯ ಪಟ್ಟಿ ಇದೆ, 2024ರ ಡಿಸೆಂಬರ್‌ನಲ್ಲಿ ಅದರಿಂದ ಭಾರತವನ್ನು ತೆಗೆದರು. ಸರ್ಕಾರದ ಹಣದಲ್ಲಿ ಹೋಗುವವರಿಗೆ ಈಗಲೂ ಅದು ಇದೆ.

ಖರ್ಚಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಇಲ್ಲಿ ಸ್ಪಾನ್ಸರ್ ಸಂಸ್ಥೆ ಟೀಚರ್‌ನಿಂದಲೇ ಶುಲ್ಕ ತೆಗೆದುಕೊಳ್ಳಬಹುದು, ಕಾನೂನು ತಡೆಯುವುದಿಲ್ಲ. ಸಾವಿರಾರು ಡಾಲರ್ ಆಗುವುದುಂಟು. ಮೊದಲ ವರ್ಷಕ್ಕೆ ಮಾತ್ರವೋ, ಪ್ರತಿ ವರ್ಷವೋ, ವಿಸ್ತರಣೆಗೆ ಬೇರೆಯೋ, ಅರ್ಧಕ್ಕೆ ಬಂದರೆ ವಾಪಸ್ ಎಷ್ಟು ಅನ್ನುವುದನ್ನು ಬರೆಸಿಕೊಳ್ಳಿ. ಆರೋಗ್ಯ ವಿಮೆ ಕಡ್ಡಾಯ. ಸಂಗಾತಿ ಜೆ-2 ಅನ್ನುವ ಕುಟುಂಬದವರ ವೀಸಾದಲ್ಲಿ ಬರುತ್ತಾರೆ, ಕೆಲಸದ ಅನುಮತಿಗೆ ಅಲ್ಲಿ ಹೋದ ಮೇಲೆ ಅರ್ಜಿ ಹಾಕಬೇಕು, ಅದು ಬರಲು ತಿಂಗಳುಗಳೇ ಹಿಡಿಯಬಹುದು. ಅನುಕೂಲವೂ ಇದೆ. ಸಾಮಾನ್ಯವಾಗಿ ಮೊದಲ ಎರಡು ವರ್ಷ ಜೆ-1 ಟೀಚರ್‌ಗಳ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಹಿಡಿಯುವುದಿಲ್ಲ. ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ.

ಜುಟ್ಟಿನ ಮಾತಿಗೆ ಅಮೆರಿಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಶಾಲೆಗಳು ಸಾವಿರಕ್ಕೂ ಹೆಚ್ಚು ವಿದೇಶಿ ಟೀಚರ್‌ಗಳನ್ನು ಎಚ್-1ಬಿನಲ್ಲಿ ಕರೆಸಿದ್ದವು. ಹೆಚ್ಚಿನವರು ಫಿಲಿಪ್ಪೀನ್ಸ್‌ನವರು. ಮಾಲೀಕರು ಕಟ್ಟಬೇಕಾದ ವೀಸಾ ಶುಲ್ಕವನ್ನು ಟೀಚರ್‌ಗಳಿಂದಲೇ ಕಟ್ಟಿಸಿದ್ದರು. 2011ರಲ್ಲಿ ಕಾರ್ಮಿಕ ಇಲಾಖೆ ಮಧ್ಯೆ ಬಂದು, ಟೀಚರ್‌ಗಳಿಗೆ ಸುಮಾರು 42 ಲಕ್ಷ ಡಾಲರ್ ವಾಪಸ್ ಕೊಡಿಸಿತು. ದುಡ್ಡು ಬಂತು, ಸರಿ. ಆದರೆ ಶಿಕ್ಷೆಯಾಗಿ ಆ ಶಾಲಾ ಜಿಲ್ಲೆ ಎರಡು ವರ್ಷ ಹೊರದೇಶದವರಿಗೆ ಸ್ಪಾನ್ಸರ್ ಆಗುವಂತಿಲ್ಲ ಅಂದರು. ವೀಸಾ ನವೀಕರಣ ಆಗದೆ ಎಷ್ಟೋ ಟೀಚರ್‌ಗಳು ಕೆಲಸ ಬಿಟ್ಟು ಹೊರಡಬೇಕಾಯಿತು. ತಪ್ಪು ಮಾಡಿದ್ದು ಮಾಲೀಕರು, ಗಂಟುಮೂಟೆ ಕಟ್ಟಿದ್ದು ಟೀಚರ್‌ಗಳು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಸ್ಟ್ರೇಲಿಯ: ಜುಟ್ಟು ನಿಮ್ಮ ಕೈಯಲ್ಲೇ, ಆದರೆ ಪರೀಕ್ಷೆ ಕಠಿಣ

ತಂಗಿಯ ಮೂರು ಫೋಟೊಗಳಲ್ಲಿ ಇದು ಇರಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಸ್ಪಾನ್ಸರ್ ಇಲ್ಲದೆ ಹೋಗುವ ದಾರಿ ಇಲ್ಲಿದೆ. 45 ವರ್ಷದೊಳಗಿನವರು ಅಂಕಗಳ ಆಧಾರದ ಮೇಲೆ ನೇರವಾಗಿ ಖಾಯಂ ವಾಸದ ವೀಸಾಗೆ ಪ್ರಯತ್ನಿಸಬಹುದು. ಮೊದಲ ಮೆಟ್ಟಿಲು ಎಐಟಿಎಸ್‌ಎಲ್ ಅನ್ನುವ ಸಂಸ್ಥೆಯ ಮೌಲ್ಯಮಾಪನ. ಒಟ್ಟು ನಾಲ್ಕು ವರ್ಷದ ಉನ್ನತ ಶಿಕ್ಷಣ ಬೇಕು, ನಮ್ಮ ಪದವಿ ಮತ್ತು ಬಿ.ಎಡ್ ಸೇರಿದರೆ ಅಷ್ಟಾಗುತ್ತದೆ. ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಬರಹಕ್ಕೆ 7, ಮಾತು ಮತ್ತು ಕೇಳುವಿಕೆಗೆ 8. ಈ ಎಂಟರಲ್ಲೇ ಬಹಳ ಜನ ಎಡವುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೇವೆ ಅಂದರೆ ಒಪ್ಪುವುದಿಲ್ಲ.

ಇನ್ನೊಂದು ತೊಡಕು 45 ದಿನದ ಪ್ರಾಕ್ಟೀಸ್ ಟೀಚಿಂಗ್. ಬಿ.ಎಡ್ ಕಾಲದಲ್ಲಿ ಮೇಲ್ವಿಚಾರಣೆಯಲ್ಲಿ ಅಷ್ಟು ದಿನ ಪಾಠ ಮಾಡಿದ್ದಕ್ಕೆ ಕಾಲೇಜಿನಿಂದ ಪತ್ರ ತರಬೇಕು. ಬಿ.ಎಡ್ ಒಂದೇ ವರ್ಷ ಇದ್ದ ಕಾಲದವರಿಗೆ ಇದು ಕಷ್ಟ. ಮುಚ್ಚಿಹೋದ ಕಾಲೇಜುಗಳವರು ವಿಶ್ವವಿದ್ಯಾಲಯಕ್ಕೆ ಅಲೆಯಬೇಕು. ಈಗ ಬಿ.ಎಡ್ ಓದುತ್ತಿರುವವರು ಹೊರಬರುವ ದಿನವೇ ಆ ಪತ್ರ ಬರೆಸಿಕೊಳ್ಳಿ.

ಸ್ಪಾನ್ಸರ್ ಮೂಲಕ ಹೋಗುವ 482 ವೀಸಾವೂ ಇದೆ. ಅಲ್ಲಿ ಕೆಲಸ ಹೋದರೆ ಹೊಸ ಮಾಲೀಕರನ್ನು ಹುಡುಕಲು ಒಂದು ಸಲಕ್ಕೆ 180 ದಿನ, ಒಟ್ಟು ಅವಧಿಯಲ್ಲಿ 365 ದಿನ. ಬ್ರಿಟನ್ನಿನ 60ರ ಪಕ್ಕ ಇಟ್ಟು ನೋಡಿ, ಎಷ್ಟು ಉಸಿರಾಡಬಹುದು ಅಲ್ವಾ?

ಇಲ್ಲಿಂದ ಹೊರಡುವ ಮೊದಲು

ಏಜೆಂಟರ ವಿಷಯ. ಭಾರತದ ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ ಹೊರದೇಶದ ಕೆಲಸಕ್ಕೆ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ, ಅಂದರೆ 35,400 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಹೆಸರು ಹಾಕಿ ನೋಡಬಹುದು. ಎರಡು ನಿಮಿಷದ ಕೆಲಸ. ಮೂರು, ನಾಲ್ಕು ಲಕ್ಷ ಕೇಳುವವರ ಹೆಸರು ಅಲ್ಲಿದೆಯಾ ಅಂತ ನೋಡಿಯೇ ಮುಂದಿನ ಮಾತು.

ಕಾಗದಪತ್ರದ ವಿಷಯದಲ್ಲಿ ನಮ್ಮ ಕಡೆಯ ಎರಡು ತೊಂದರೆಗಳು ಪದೇಪದೇ ಬರುತ್ತವೆ. ಒಂದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ‘ಕೆ.ಆರ್.’ ಅಂತ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ. ಮೂರೂ ಒಬ್ಬರೇ ಅಂತ ನಮಗೆ ಗೊತ್ತು, ಹೊರದೇಶದ ಅಧಿಕಾರಿಗೆ ಗೊತ್ತಾಗುವುದಿಲ್ಲ. ಮೊದಲೇ ಅಫಿಡವಿಟ್ ಮಾಡಿಸಿಡಿ.

ಇನ್ನೊಂದು ಲ್ಯಾಮಿನೇಷನ್. ಪ್ರೀತಿಯಿಂದ ಪದವಿ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸುತ್ತೇವೆ. ಯುಎಇಗೆ ಹೋಗುವವರ ಸರ್ಟಿಫಿಕೇಟಿನ ಮೇಲೆ ರಾಜ್ಯದ ಶಿಕ್ಷಣ ಇಲಾಖೆ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಒಂದರ ನಂತರ ಒಂದು ಸೀಲು ಹಾಕಬೇಕು. ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದೂ ಸೇರುತ್ತದೆ. ನನ್ನ ಬಿ.ಎಡ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ಈಗ ಬೆರಳಿಡಲು ಜಾಗ ಇಲ್ಲ: ನೀಲಿ ಸೀಲು, ಕೆಂಪು ಸೀಲು, ಮಿನುಗುವ ಸ್ಟಿಕರ್. ಅದಕ್ಕಿಂತ ಮೊದಲು ಪ್ಲಾಸ್ಟಿಕ್ ಬಿಡಿಸಲು ಹೋಗಿ ಒಂದು ಮೂಲೆ ಕಿತ್ತುಬಂದಿತ್ತು. ಆ ಮೂಲೆ ನೋಡಿದಾಗಲೆಲ್ಲ ಎಲ್ಲರಿಗೂ ಹೇಳಬೇಕು ಅನಿಸುತ್ತದೆ, ಲ್ಯಾಮಿನೇಷನ್ ಬೇಡ. ದೂರಶಿಕ್ಷಣದಲ್ಲಿ ಪದವಿ ಮಾಡಿದವರು ಇನ್ನೂ ಮೊದಲೇ ಎಚ್ಚರವಾಗಬೇಕು. ಅದನ್ನು ಒಪ್ಪುತ್ತಾರಾ ಅಂತ ಶಾಲೆಯಿಂದ ಬರವಣಿಗೆಯಲ್ಲಿ ತಿಳಿದುಕೊಂಡ ಮೇಲೆಯೇ ಖರ್ಚಿಗೆ ಕೈ ಹಾಕಿ.

ಇಷ್ಟೆಲ್ಲ ಕೂತು ಮಾತಾಡಿದ ಮೇಲೆ ನನ್ನ ಅಭಿಪ್ರಾಯ ಹೇಳಿದೆ. ಒಬ್ಬಂಟಿಯಾಗಿ, ಎರಡು ಮೂರು ವರ್ಷ ದುಡಿದು ಸಾಲ ತೀರಿಸಿ ಬರುವವರಿಗೆ ಯುಎಇ ಸಾಕು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಮುಂಗಡ ಖರ್ಚೂ ಕಡಿಮೆ. ಹೊಸ ಪಾಠದ ಕ್ರಮ ಕಲಿತು ವಾಪಸ್ ಬರಲೇಬೇಕು ಅಂದುಕೊಂಡವರಿಗೆ ಜೆ-1 ಒಳ್ಳೆಯ ಅನುಭವ. ಕುಟುಂಬ ಕಟ್ಟಿಕೊಂಡು ಹೋಗುವ ಗಣಿತ, ವಿಜ್ಞಾನದವರಿಗೆ, ಕೈಯಲ್ಲಿ ಮುಂಗಡ ದುಡ್ಡಿದ್ದರೆ, ಇಂಗ್ಲೆಂಡ್. ಐಇಎಲ್‌ಟಿಎಸ್‌ನಲ್ಲಿ 8 ತರುವ ಧೈರ್ಯ ಮತ್ತು ಕಾಯುವ ತಾಳ್ಮೆ ಇದ್ದರೆ ಆಸ್ಟ್ರೇಲಿಯ ಎಲ್ಲಕ್ಕಿಂತ ಮೇಲು.

ತಂಗಿ ಇಂಗ್ಲೆಂಡ್ ಅಂದಳು. ಅವಳ ಗಂಡ ಅಕೌಂಟೆಂಟ್, ಅಲ್ಲಿ ಯಾರನ್ನೂ ಕೇಳದೆ ಕೆಲಸ ಹುಡುಕಬಹುದು ಅನ್ನುವುದೇ ಅವರಿಬ್ಬರಿಗೂ ದೊಡ್ಡದಾಗಿ ಕಂಡಿತು. ಸರ್ಚಾರ್ಜ್ ಬಗ್ಗೆ ಟ್ರಸ್ಟಿಗೆ ಮೇಲ್ ಬರೆದಳು. ಅವಳದ್ದನ್ನು ಕೊಡುತ್ತೇವೆ, ಮನೆಯವರದ್ದು ಆಗುವುದಿಲ್ಲ ಅಂತ ಉತ್ತರ ಬಂತು. ಹಾಗಾಗಿ ಮೊದಲು ಅವಳೊಬ್ಬಳೇ ಹೋಗುವುದು, ಎಂಟು ತಿಂಗಳ ನಂತರ ಗಂಡ, ಮಗಳು ಹೋಗುವುದು ಅಂತ ಮಾಡಿಕೊಂಡಿದ್ದಾರೆ. ಕ್ಯುಟಿಎಸ್ ಅರ್ಜಿ ಹೋಗಿದೆ. ಬರುವ ಗುರುವಾರ ಟಿಬಿ ಟೆಸ್ಟ್‌ಗೆ ಬೆಂಗಳೂರಿಗೆ ಬರುತ್ತಾಳೆ. ಬರುವಾಗ ಪ್ಲಾಸ್ಟಿಕ್ ಹಾಕಿಸದ ಸರ್ಟಿಫಿಕೇಟ್ ಫೈಲನ್ನು ತಾ, ಎಲ್ಲ ಒಂದು ಸಲ ಒಟ್ಟಿಗೆ ನೋಡೋಣ ಅಂದಿದ್ದೇನೆ.